ಕಾಂದಿವಲಿಯೋ ಮೈಸೂರೋ

ಸಾಧನಾ ಕೆಲಸ ಮಾಡುತ್ತಿದ್ದ ಅಂಧೇರಿಯ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡುಕೊಂಡಿತು. ಹಳೆಯ ನೌಕರರ ಹೆಸರಿನಲ್ಲಿದ್ದ ಷೇರುಗಳಿಗೆ ಒಳ್ಳೆಯ ಬೆಲೆ ಬಂತು. ಬಹಳ ವರ್ಷಗಳಿಂದ ಅಲ್ಲಿದ್ದ ಅವಳಿಗೆ ತನ್ನ ಪಾಲಿಗೆ ಬಂದದ್ದನ್ನು ನೋಡಿ ಮೊದಲು ನಂಬಿಕೆಯೇ ಬರಲಿಲ್ಲ. ಆ ಭಾನುವಾರ ಮಧ್ಯಾಹ್ನ, ಚೆಂಬೂರಿನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ, ಹುಳಿಯನ್ನ ಕಲಸುತ್ತಾ ಹೇಳಿದಳು:

"ನಾನೊಂದು ಮನೆ ತಗೋಬೇಕು ಅಂತಿದೀನಿ. ನಾವಿರೋಕಲ್ಲ, ಬಾಡಿಗೆಗೆ ಕೊಡೋಕೆ."

ಬಡಿಸುತ್ತಿದ್ದ ಸರಸ್ವತಿ ಸೊಸೆಯ ಮುಖ ನೋಡಿದರು. ತುಷಾರ್ ಹೆಂಡತಿಯ ಮುಖ ನೋಡಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತು ಅಂತ ಅದರಿಂದಲೇ ತಾಯಿಗೆ ತಿಳಿಯಿತು.

"ಬ್ಯಾಂಕಲ್ಲಿ ಕೆಲಸ ಮಾಡೋ ಗಂಡ ಇದಾನೆ, ಅವನ ಮಾತು ಕೇಳೋರಿಲ್ಲ," ಎಂದ ತುಷಾರ್. "ಫಂಡಲ್ಲಿ ಹಾಕಿ ಮರೆತುಬಿಡು ಅಂದೆ. ಮನೆ ಅಂದ್ರೆ ದಿನಾ ತಲೆನೋವು."

"ಫಂಡಿಗೆ ಗೋಡೆ ಇದೆಯಾ, ಬಾಗಿಲಿದೆಯಾ? ನನ್ನ ಹೆಸರಲ್ಲಿ ಒಂದು ಬಾಗಿಲು ಇರಲಿ ಅಂತ ನನಗೆ ಆಸೆ," ಎಂದಳು ಸಾಧನಾ.

"ತಗೋಮ್ಮಾ, ಧಾರಾಳವಾಗಿ ತಗೋ," ಎಂದರು ನಾಣಿರಾಯರು. ಟ್ರಾಂಬೆಯ ಕಡೆ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅವರು ಊಟದ ಹೊತ್ತಿನಲ್ಲಿ ಹೆಚ್ಚು ಮಾತಾಡುವವರಲ್ಲ. "ಆದ್ರೆ ಇಲ್ಲಿ ಯಾಕೆ? ಇಲ್ಲಿ ನಿನ್ನ ದುಡ್ಡಿಗೆ ಬೆಂಕಿಪೊಟ್ಟಣ ಬರತ್ತೆ. ಅದೇ ದುಡ್ಡಿಗೆ ಮೈಸೂರಲ್ಲಿ ಎರಡು ರೂಮು, ಹಾಲು, ಬಾಲ್ಕನಿ. ನಮ್ಮ ಅನಿಲ ಇದಾನೆ, ಎಲ್ಲಾ ನೋಡ್ಕೋತಾನೆ."

ಅನಿಲ ಅವರ ತಮ್ಮನ ಮಗ. ಮೈಸೂರಿನಲ್ಲೇ ಇದ್ದ.

ಮೊಮ್ಮಗಳು ಧಾತ್ರಿ ಹಪ್ಪಳ ಮುರಿಯುತ್ತಾ, "ತಾತಾ, ಮೈಸೂರು ಬಹುತ್ ದೂರ್ ಹೈ. ಮಮ್ಮಿ ಹೇಗೆ ರೆಂಟ್ ಲೇನೇ ಜಾಯೇಗಿ?" ಎಂದಳು.

"ಬಾಡಿಗೆ ಈಗ ಫೋನಲ್ಲೇ ಬರತ್ತೆ ಮರೀ," ಎಂದರು ರಾಯರು.

ಅಂದಿನಿಂದ ಆ ಮನೆಯಲ್ಲಿ ಬೇರೆ ಮಾತೇ ಇಲ್ಲದಂತಾಯಿತು. ಬೆಳಗಿನ ಕಾಫಿಯ ಹೊತ್ತಿಗೆ ನಾಣಿರಾಯರು ಅನಿಲನಿಗೆ ಫೋನು ಮಾಡುವರು. ರಿಂಗ್ ರೋಡಿನಾಚೆ ಹೊಸದಾಗಿ ಎದ್ದ ಕಟ್ಟಡದ ಚಿತ್ರಗಳು ಅವರ ಫೋನಿಗೆ ಬಂದು ಬೀಳುವವು. ಸಂಜೆ ಸಾಧನಾ ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ, "ನೋಡು, ಅಡುಗೆಮನೆಗೆ ಎರಡು ಕಿಟಕಿ" ಎಂದು ಎದುರು ಹಿಡಿಯುವರು. ಸಾಧನಾ ತಾನೂ ಲೆಕ್ಕ ಹಾಕುತ್ತಿದ್ದಳು. ಕಾಂದಿವಲಿಯಲ್ಲಿ ಒಂದು ವನ್ ರೂಮ್ ಕಿಚನ್ ಅವಳ ಕಣ್ಣಿಗೆ ಬಿದ್ದಿತ್ತು. ಹಳೆಯ ಬಿಲ್ಡಿಂಗು, ಲಿಫ್ಟಿಲ್ಲ, ಮೂರನೆಯ, ಕೊನೆಯ ಮಹಡಿ. ಮೈಸೂರಿನದು ಅದರ ಎರಡರಷ್ಟು ದೊಡ್ಡದು, ಬೆಲೆ ಒಂದೇ.

"ಲೆಕ್ಕದಲ್ಲಿ ಮಾವ ಹೇಳೋದೇ ಸರಿ ಅತ್ತೆ," ಎಂದಳು ಒಂದು ದಿನ, ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ. "ಆದ್ರೆ ನನಗೇನೋ ಧೈರ್ಯ ಬರ್ತಿಲ್ಲ. ನೀವೇನಂತೀರಿ?"

"ನಿನ್ನ ದುಡ್ಡು, ನಿನ್ನ ಮನೆ. ನಾನೇನನ್ನಲಿ?"

"ನೀವು ಈ ಬಿಲ್ಡಿಂಗಿನ ಸೊಸೈಟಿಗೆ ಎಷ್ಟು ವರ್ಷದಿಂದ ಸೆಕ್ರೆಟರಿ? ಬಾಡಿಗೆಯವರ ಜಗಳ, ಓನರ್ ಜಗಳ ಎಲ್ಲಾ ನಿಮ್ಮ ಹತ್ರಾನೇ ಬರತ್ತಲ್ಲ."

"ಅದಕ್ಕೇ ಸುಮ್ನಿದೀನಿ," ಎಂದು ನಕ್ಕರು ಸರಸ್ವತಿ.

ಅವರು ಸುಮ್ಮನಿದ್ದದ್ದಕ್ಕೆ ಕಾರಣ ಬೇರೆ ಇತ್ತು. ಫೋನಿನಲ್ಲಿ ಗಂಡ ಅನಿಲನಿಗೆ ಹೇಳುತ್ತಿದ್ದುದು ಅವರ ಕಿವಿಗೆ ಬೀಳುತ್ತಿತ್ತು: "ವಾಕಿಂಗಿಗೆ ಜಾಗ ಇದೆಯೇನೋ? ಹತ್ತಿರದಲ್ಲಿ ಡಾಕ್ಟರು ಇದಾರಾ? ವೆಸ್ಟರ್ನ್ ಕಮೋಡೇ ತಾನೇ, ನಿಮ್ಮ ದೊಡ್ಡಮ್ಮನಿಗೆ ಮಂಡಿನೋವು." ಬಾಡಿಗೆಗೆ ಬರುವವರ ಮಂಡಿಯ ಚಿಂತೆ ಯಾರೂ ಇಷ್ಟು ಮಾಡುವುದಿಲ್ಲ.

ಕಾಂದಿವಲಿಯ ಮನೆ ನೋಡಲು ಸಾಧನಾ ಅತ್ತೆಯನ್ನು ಕರೆದುಕೊಂಡು ಹೋದಳು. ದಾದರಿನಲ್ಲಿ ಲೋಕಲ್ ಬದಲಿಸಿ, ಸ್ಟೇಷನ್ನಿನಿಂದ ರಿಕ್ಷಾ ಹಿಡಿದು ಇಬ್ಬರೂ ಮುಟ್ಟಿದರು. ಬ್ರೋಕರ್ ಕೆಳಗೇ ಕಾಯುತ್ತಿದ್ದ. "ಆಯಿಯೇ ಮ್ಯಾಡಮ್, ಭಾಡೂತ್ ಹೈ, ಲೇಕಿನ್ ಖಾಲಿ ಕರ್ ದೇಂಗೆ" ಎಂದು, ಈಗಿರುವ ಬಾಡಿಗೆಯವರನ್ನು ಬಿಡಿಸಿಕೊಡುವ ಭರವಸೆ ಕೊಡುತ್ತಾ ಮೆಟ್ಟಿಲು ಹತ್ತಿಸಿದ.

ಬಾಗಿಲು ತೆರೆದವಳು ಮೂವತ್ತೈದರ ಆಸುಪಾಸಿನ ಹೆಂಗಸು. ಅತ್ತೆ ಸೊಸೆ ತಮ್ಮತಮ್ಮಲ್ಲಿ ಮಾತಾಡಿದ್ದು ಕೇಳಿ ಅವಳ ಮುಖವರಳಿತು.

"ಅಯ್ಯ, ಕನ್ನಡದೋರೇನ್ರಿ? ಬರ್ರಿ, ಒಳಗ ಬರ್ರಿ. ನಾವು ವಿಜಾಪುರದ ಇಂಡಿ ಕಡೇರು. ನನ್ನ ಹೆಸರು ಮಹಾದೇವಿ."

ಅವಳ ಗಂಡ ಶೆಟ್ಟೆಪ್ಪ ಲಿಫ್ಟ್ ಕೂಡಿಸುವ ಕೆಲಸದವನು. ಅವಳು ಹತ್ತಿರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗಿಗೆ ಹೋಗುತ್ತಿದ್ದಳು. ಒಂದೇ ಕೋಣೆಯಾದರೂ ಒಪ್ಪವಾಗಿತ್ತು. ಗೋಡೆಗೆ ಹೊಸ ಸುಣ್ಣಬಣ್ಣ. ಸರಸ್ವತಿ ತಲೆಯೆತ್ತಿ ಚಾವಣಿ ನೋಡಿದರು. ಒಂದು ಮೂಲೆಯಲ್ಲಿ ಬಣ್ಣ ಬೇರೆ ಕಡೆಗಿಂತ ದಪ್ಪವಾಗಿತ್ತು. ತಮ್ಮ ಸೊಸೈಟಿಯಲ್ಲಿ ಇಂಥ ಮೂಲೆಗಳನ್ನು ಅವರು ಬೇಕಾದಷ್ಟು ನೋಡಿದ್ದರು.

"ಮಳೆಗಾಲದಲ್ಲಿ ಎಲ್ಲಿ ಮಲಗ್ತೀರಮ್ಮ?" ಎಂದು ಕೇಳಿದರು.

ಮಹಾದೇವಿ ಬ್ರೋಕರನ ಕಡೆ ನೋಡಿದಳು. ಅವನಿಗೆ ಕನ್ನಡ ಬರುತ್ತಿರಲಿಲ್ಲ. "ಬಾಗಲ ಕಡಿ ಹಾಸಿಗಿ ಹಾಸ್ಕೋತೀವ್ರಿ. ಆ ಮೂಲಿ ಜಿನುಗ್ತೈತಿ. ಟೆರೇಸಿನ ನೀರು." ಆಮೇಲೆ ದನಿ ತಗ್ಗಿಸಿ, "ನೀವು ತಗೊಂಡ್ರ ನಮ್ಮನ್ನ ಬಿಡಸ್ತೀರೇನ್ರಿ? ಮಗಳ ಸಾಲಿ ಇಲ್ಲೇ ಐತಿ," ಎಂದಳು.

ಸಾಧನಾ ಅತ್ತೆಯ ಕಡೆ ತಿರುಗಿದಳು. ಸರಸ್ವತಿ ಇನ್ನೊಮ್ಮೆ ಆ ಮೂಲೆ ನೋಡಿದರು. ಚಹಾ ಕುಡಿದು ಇಳಿದು ಬಂದರು.

"ಸೋರೋ ಮನೆ," ಎಂದಳು ಸಾಧನಾ, ರಿಕ್ಷಾದಲ್ಲಿ ಕೂತ ಮೇಲೆ.

"ಸೋರತ್ತೆ ಅಂತ ಗೊತ್ತಾಯ್ತಲ್ಲ. ಗೊತ್ತಿಲ್ಲದೆ ಸೋರೋದಕ್ಕಿಂತ ವಾಸಿ. ಬೆಲೆ ಇಳಿಸು. ಟೆರೇಸು ಸೊಸೈಟಿದು, ಅವರೇ ಮಾಡಿಸಬೇಕು."

ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ನಾಣಿರಾಯರು ಸಿಹಿ ಸುದ್ದಿ ಹೇಳುವವರಂತೆ ಎದುರು ಬಂದರು.

"ಸಾಧನಾ, ಮೈಸೂರಿನ ಆ ಮೂಲೆ ಫ್ಲ್ಯಾಟು ಬೇರೆಯವರು ಕೇಳ್ತಿದ್ರಂತೆ. ಕೈ ತಪ್ಪಿಹೋಗತ್ತೆ ಅಂತ ಅನಿಲ ಅಂದ. ಒಂದು ಲಕ್ಷ ಮುಂಗಡ ಕಳಿಸಿಬಿಟ್ಟೆ."

ತುಷಾರ್ ಪೇಪರು ಮಡಿಸಿಟ್ಟ.

"ಮಾವ, ನನ್ನ ಕೇಳಲೇ ಇಲ್ವಲ್ಲ ನೀವು," ಎಂದಳು ಸಾಧನಾ.

"ನಿನ್ನ ದುಡ್ಡಲ್ಲಮ್ಮ, ನನ್ನ ಡಿಪಾಸಿಟ್ ಮುರಿಸಿ ಕೊಟ್ಟೆ. ಆಮೇಲೆ ಲೆಕ್ಕಕ್ಕೆ ಹಿಡಿದುಕೋ."

"ದುಡ್ಡು ಯಾರದು ಅಂತ ಅಲ್ಲ. ಮನೆ ಯಾರದು?"

"ಅಪ್ಪ, ಇದು ಸರಿ ಅಲ್ಲ," ಎಂದ ತುಷಾರ್.

"ಯಾವುದು ಸರಿ ಅಲ್ವೋ? ನಿಮ್ಮ ಒಳ್ಳೇದಕ್ಕೆ ಮಾಡಿದ್ದು ತಪ್ಪಾಯ್ತಾ? ಈ ಊರಲ್ಲಿ ನಲವತ್ತು ವರ್ಷ ಇದ್ದು ಗೊತ್ತಿಲ್ವಾ ನನಗೆ? ಇಲ್ಲಿ ಮನೆ ಅಂದ್ರೆ ಗೋಡೆಗೆ ಮೂಗು ಒತ್ತಿಕೊಂಡು ಮಲಗೋದು!"

ಸಾಧನಾ ತನ್ನ ಕೋಣೆಗೆ ಹೋದಳು. ಅಂದು ಎಲ್ಲರೂ ಬೇರೆ ಬೇರೆ ಹೊತ್ತಿಗೆ ಉಂಡರು. ಸರಸ್ವತಿ ಸಾರನ್ನು ಮತ್ತೆ ಮತ್ತೆ ಬಿಸಿ ಮಾಡಿದರು. ಕೊನೆಯಲ್ಲಿ ತಾವು ಉಣ್ಣಲು ಕೂತಾಗ ಅದು ಬತ್ತಿ ಉಪ್ಪಾಗಿತ್ತು.

ಎರಡು ದಿನ ಹೀಗೇ ಕಳೆಯಿತು. ಆಮೇಲೆ ಸಾಧನಾಳೇ ಹೇಳಿದಳು: "ಧಾತ್ರಿಗೆ ರಜ ಶುರುವಾಗತ್ತೆ. ಮೈಸೂರಿಗೆ ಹೋಗಿ ಬರೋಣ. ನೋಡದೆ ಬೇಡ ಅನ್ನೋದೂ ತಪ್ಪು."

ತುಷಾರನಿಗೆ ರಜೆ ಸಿಗಲಿಲ್ಲ. ಉಳಿದ ನಾಲ್ವರೂ ಹೋದರು.

ಮೈಸೂರಿನ ಮನೆ ಚಿತ್ರದಲ್ಲಿದ್ದುದಕ್ಕಿಂತ ಚೆನ್ನಾಗಿತ್ತು. ಬೆಳಕು ನೆಲದ ಮೇಲೆ ಚಾಪೆ ಹಾಸಿದಂತೆ ಬಿದ್ದಿತ್ತು. ಬಾಲ್ಕನಿಯಲ್ಲಿ ನಿಂತರೆ ಚಾಮುಂಡಿ ಬೆಟ್ಟ. ಧಾತ್ರಿ ಕೋಣೆಯಿಂದ ಕೋಣೆಗೆ ಓಡಿದಳು. ನಾಣಿರಾಯರು ಬಿಲ್ಡರನ ಕಡೆಯವನ ಜೊತೆ ಒಂದೊಂದೇ ಕೋಣೆ ತೋರಿಸುತ್ತಾ ನಡೆದರು.

"ಇಲ್ಲಿ ದೇವರ ಮಂಟಪ ಇಡಬಹುದು. ಈ ರೂಮಿಗೆ ಬೆಳಗಿನ ಬಿಸಿಲು ಬರತ್ತೆ, ಮಲಗೋಕೆ ಇದೇ ಸರಿ. ಇಲ್ಲಿ ಒಂದು ಬೆತ್ತದ ಕುರ್ಚಿ…"

"ಮಾವ," ಎಂದಳು ಸಾಧನಾ, ಮೆಲ್ಲಗೆ. "ಬಾಡಿಗೆಗೆ ಯಾರು ಬರ್ತಾರೆ ಇಲ್ಲಿ?"

"ಬರ್ತಾರೆ, ಯಾರಾದ್ರೂ ಬರ್ತಾರೆ." ರಾಯರ ದನಿ ತಡವರಿಸಿತು. "ಮೊದಲು ಸ್ವಲ್ಪ ದಿನ ನಾವೇ ಇದ್ದು ನೋಡಬಹುದು. ಮನೆ ಖಾಲಿ ಬಿಡಬಾರದು ನೋಡು."

ಸರಸ್ವತಿ ಅಡುಗೆಮನೆಯ ಎರಡು ಕಿಟಕಿಗಳ ಎದುರು ನಿಂತು ಹೊರಗೆ ನೋಡಿದರು. ಕೆಳಗೆ ಖಾಲಿ ಸೈಟುಗಳು, ಒಂದು ಹಸು, ದೂರದಲ್ಲೊಂದು ಕಾರು. ಕೂಗಿದರೆ ಓ ಎನ್ನುವವರು ಯಾರೂ ಕಾಣಲಿಲ್ಲ.

ಊಟ ಅನಿಲನ ಮನೆಯಲ್ಲಿ. ಅವನ ಹೆಂಡತಿ ರಾಧಿಕಾ ಮಾವಿನಕಾಯಿ ಚಿತ್ರಾನ್ನ ಮಾಡಿದ್ದಳು. ಗಂಡಸರು ಹಾಲ್‌ನಲ್ಲಿ ಕೂತು ರಿಜಿಸ್ಟ್ರೇಷನ್ ಮಾತಾಡುತ್ತಿದ್ದಾಗ, ಸರಸ್ವತಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ರಾಧಿಕಾಳ ಹತ್ತಿರ ಹೋದರು.

"ನಿನಗೆ ತೊಂದರೆ ಕೊಟ್ವಿ ಕಣೇ."

"ಊಟಕ್ಕೆ ಏನು ತೊಂದರೆ ದೊಡ್ಡಮ್ಮ." ರಾಧಿಕಾ ನಲ್ಲಿ ನಿಲ್ಲಿಸಿದಳು. "ಒಂದು ಮಾತು ಹೇಳಿದ್ರೆ ಬೇಜಾರು ಮಾಡ್ಕೋಬೇಡಿ. ಇವರ ಸೋದರತ್ತೆ ಮಗನದು ಒಂದು ಮನೆ ಇದೆ ಇಲ್ಲಿ, ಅವನು ದುಬೈಯಲ್ಲಿರೋದು. ಇವರು ನೋಡ್ಕೋತೀನಿ ಅಂದ್ರು. ಈಗ ಮೋಟರ್ ಕೆಟ್ರೆ ನನಗೆ ಫೋನು, ಕೀಲಿ ಕಳೆದ್ರೆ ನನಗೆ ಫೋನು. ಪ್ಲಂಬರ್ ಹಿಂದೆ ಓಡೋಳು ನಾನು. ಇನ್ನೊಂದು ಮನೆ ಬಂದ್ರೆ… ಇವರು ಇಲ್ಲ ಅನ್ನಲ್ಲ. ನನ್ನ ಕೇಳೋದೂ ಇಲ್ಲ."

ಸರಸ್ವತಿ ತೊಳೆದ ಪಾತ್ರೆಗಳನ್ನು ಬುಟ್ಟಿಯಲ್ಲಿ ಬೋರಲು ಹಾಕಿದರು. "ನೀನು ಹೇಳಿದ್ದು ಒಳ್ಳೇದಾಯ್ತು," ಎಂದರು.

ಮಾರನೆಯ ಬೆಳಿಗ್ಗೆ ಗಂಡ ಹೆಂಡತಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯಲು ಹೋದರು. ನಾಣಿರಾಯರ ನಡಿಗೆಯೇ ಬೇರೆಯಾಗಿತ್ತು. ಎದುರು ಸಿಕ್ಕ ಹಳೆಯ ಸಹಪಾಠಿಯೊಬ್ಬರು "ಏನೋ ನಾಣಿ!" ಎಂದು ಬೆನ್ನಿಗೆ ಹೊಡೆದು ಹೋದರು. ಹೆಂಡತಿಯ ಕಡೆ ತಿರುಗಿದಾಗ ರಾಯರ ಕಣ್ಣು ಹೊಳೆಯುತ್ತಿತ್ತು.

"ನೋಡಿದೆಯಾ? ಚೆಂಬೂರಲ್ಲಿ ಯಾರು ನನ್ನ ಹೀಗೆ ಕರೀತಾರೆ? ಇಲ್ಲಿಗೆ ಬಂದುಬಿಡೋಣ ಸರಸು. ಸಾಧನಾಗೂ ಮನೆಯಾಯ್ತು, ನಮಗೂ ಆಯ್ತು."

ಸರಸ್ವತಿ ಕಲ್ಲುಬೆಂಚಿನ ಮೇಲೆ ಕೂತರು.

"ನನಗೆ ಬರೋಕೆ ಇಷ್ಟ ಇಲ್ಲ."

"ಯಾಕೆ? ನಮ್ಮೂರು ಕಣೇ."

"ನಿಮ್ಮೂರು. ನಾನು ತಿಪಟೂರಿನೋಳು. ಮದುವೆಯಾಗಿ ಇಲ್ಲಿ ಒಂದೇ ತಿಂಗಳು ಇದ್ದೆ, ನೀವು ಬಾಂಬೆ ಅಂದ್ರಿ, ಬಂದೆ. ಮೊದಲ ವರ್ಷ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ, ನಿಮಗೆ ಕೇಳಿಸಬಾರದು ಅಂತ. ಆಮೇಲೆ ಮರಾಠಿ ಕಲಿತೆ, ಲೋಕಲ್ ಹತ್ತೋದು ಕಲಿತೆ. ಈಗ ಬಿಲ್ಡಿಂಗಲ್ಲಿ ನೀರು ಬರದಿದ್ರೆ ನನ್ನ ಬಾಗಿಲು ತಟ್ತಾರೆ. ಅದನ್ನ ಬಿಟ್ಟು ಬಂದು, ಆ ಎರಡು ಕಿಟಕೀಲಿ ಹಸು ನೋಡ್ತಾ ನಿಂತ್ಕೊಳ್ಲಾ?"

"ನೀನು ಅಳ್ತಿದ್ದೆಯಾ?" ಎಂದರು ರಾಯರು.

"ಹಳೇ ಮಾತು ಬಿಡಿ."

"ನನಗೆ ಹೇಳಲೇ ಇಲ್ವಲ್ಲ."

"ನೀವು ಕೇಳ್ಲಿಲ್ವಲ್ಲ. ಈಗ ಸಾಧನಾಳನ್ನೂ ಕೇಳ್ಲಿಲ್ಲ, ರಾಧಿಕಾಳನ್ನೂ ಕೇಳ್ಲಿಲ್ಲ. ಮನೆ ನಡೆಸೋರು ಅವರೇ."

ರಾಯರು ಬಹಳ ಹೊತ್ತು ನೀರಿನ ಕಡೆ ನೋಡುತ್ತಾ ನಿಂತರು. ಹಿಂತಿರುಗುವಾಗ ಹೆಂಡತಿಗಿಂತ ಎರಡು ಹೆಜ್ಜೆ ಹಿಂದೆ ನಡೆದರು.

ಅನಿಲನ ಮನೆಯಲ್ಲಿ ಕಾಫಿ ಕುಡಿಯುವಾಗ ಅವರೇ ಬಾಯಿ ಬಿಟ್ಟರು. "ಸಾಧನಾ, ಆ ಫ್ಲ್ಯಾಟು ಬೇಡ. ಮುಂಗಡ ವಾಪಸು ಬಂದಷ್ಟು ಬರಲಿ. ಉಳಿದದ್ದು ನನ್ನ ಖರ್ಚು."

ಅನಿಲ ಅವರ ಕಡೆ ತಿರುಗಿದ. "ದೊಡ್ಡಪ್ಪ, ನಾನು ಅವರಿಗೆ ಏನು ಹೇಳ್ಲಿ?"

"ನನ್ನ ಬುದ್ಧಿ ಸರಿ ಇರಲಿಲ್ಲ ಅನ್ನು."

ಸಾಧನಾ ಲೋಟ ಕೆಳಗಿಟ್ಟಳು. "ಮಾವ, ನಿಮಗೆ ಇಲ್ಲಿರೋಕೆ ಇಷ್ಟ ಅಲ್ವಾ? ಇರಿ. ಅದಕ್ಕೆ ಮನೆ ಕೊಂಡುಕೊಳ್ಳೋದು ಯಾಕೆ? ಒಂದು ಸಣ್ಣ ಮನೆ ಬಾಡಿಗೆಗೆ ಹಿಡೀರಿ. ಮೂರು ತಿಂಗಳು ಇದ್ದು ನೋಡಿ. ಇಷ್ಟವಾದ್ರೆ ಇನ್ನೂ ಇರಿ."

"ಒಬ್ಬನೇ?"

ಎಲ್ಲರೂ ಸರಸ್ವತಿಯ ಕಡೆ ನೋಡಿದರು.

"ಅನ್ನ ಸಾರು ನಾನು ಕಲಿಸಿಕೊಡ್ತೀನಿ," ಎಂದರು ಅವರು.

ಮುಂಬಯಿಗೆ ಮರಳಿದ ಮೇಲೆ ಕೆಲಸಗಳು ಒಂದರ ಹಿಂದೆ ಒಂದು ನಡೆದವು. ಬಿಲ್ಡರ್ ಕಾಲುಭಾಗ ಹಿಡಿದುಕೊಂಡು ಮಿಕ್ಕ ಮುಂಗಡ ಮರಳಿಸಿದ. ಸಾಧನಾ ಕಾಂದಿವಲಿಯ ಮಾಲೀಕನ ಎದುರು ಸೋರುವ ಮೂಲೆಯ ಮಾತೆತ್ತಿದಳು. ಅವನು ಮೊದಲು ಸಿಟ್ಟಾದ, ಆಮೇಲೆ ಬೆಲೆ ಇಳಿಸಿದ. ತುಷಾರ್ ಗೊಣಗುತ್ತಲೇ, ಕಡಿಮೆ ಬಿದ್ದ ಹಣಕ್ಕಾಗಿ ಬ್ಯಾಂಕಿನ ಸಾಲದ ಕೆಲಸಕ್ಕೆಲ್ಲ ಓಡಾಡಿದ. ಹೆಂಗಸಿನ ಹೆಸರಿಗೆ ರಿಜಿಸ್ಟರ್ ಆದ್ದರಿಂದ ಸ್ಟಾಂಪ್ ಡ್ಯೂಟಿಯಲ್ಲಿ ಒಂದಿಷ್ಟು ಉಳಿಯಿತೆಂದು ಅವನೇ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟ.

ಶೆಟ್ಟೆಪ್ಪ ಮಹಾದೇವಿಯರ ವಿಷಯಕ್ಕೆ ಒಂದು ಸಂಜೆ ತುಷಾರ್‌ಗೂ ಸಾಧನಾಳಿಗೂ ಮಾತು ಬೆಳೆಯಿತು.

"ಅವರು ಕೊಡ್ತಿರೋದು ಹಳೇ ಬಾಡಿಗೆ. ಹೊಸಬರಿಗೆ ಕೊಟ್ರೆ ತಿಂಗಳಿಗೆ ನಾಲ್ಕು ಸಾವಿರ ಜಾಸ್ತಿ ಬರತ್ತೆ. ಇನ್‌ವೆಸ್ಟ್‌ಮೆಂಟ್ ಅಂದ್ಮೇಲೆ ಹಾಗೇ ಯೋಚನೆ ಮಾಡಬೇಕು," ಎಂದ ತುಷಾರ್.

"ಹೊಸಬರು ಸಿಗೋವರೆಗೆ ಎಷ್ಟು ತಿಂಗಳು ಖಾಲಿ? ಬ್ರೋಕರ್‌ಗೆ ಎಷ್ಟು? ಅದನ್ನೂ ಲೆಕ್ಕ ಹಾಕು."

"ಅಮ್ಮ, ನೀನು ಹೇಳು ಇವಳಿಗೆ."

"ಬಾಡಿಗೆ ಸ್ವಲ್ಪ ಏರಿಸಲಿ," ಎಂದರು ಸರಸ್ವತಿ. "ಬಿಟ್ಟಿ ಇರಿಸ್ಕೊಳ್ಳಿ ಅಂತ ಅವರೂ ಕೇಳಿಲ್ಲ. ಆದ್ರೆ ಸೋರತ್ತೆ ಅಂತ ನಿಜ ಹೇಳಿದೋಳನ್ನ ಹೊರಗೆ ಹಾಕಬೇಡಿ."

ಸಾಧನಾ ಎರಡು ಸಾವಿರ ಏರಿಸಿದಳು. ಶೆಟ್ಟೆಪ್ಪ ಒಂದೂವರೆಗೆ ಇಳಿಸಿದ. ಹನ್ನೊಂದು ತಿಂಗಳ ಹೊಸ ಕರಾರು ಆಯಿತು.

ಈ ನಡುವೆ ಚೆಂಬೂರಿನ ಅಡುಗೆಮನೆಯಲ್ಲಿ ನಾಣಿರಾಯರು ಸಾರು ಮಾಡಲು ಕಲಿತರು. "ಬೇಳೆ ಬೇಯೋಕೆ ಮುಂಚೆ ಹುಣಸೆಹಣ್ಣು ಹಾಕಬೇಡಿ ಅಂದೆನಲ್ಲ!" "ಸ್ವಲ್ಪ ಹಾಕಿದ್ರೆ ಏನಾಗತ್ತೆ?" "ಸ್ವಲ್ಪ ಹಾಕಿದ್ರೆ ಸ್ವಲ್ಪ ಬೇಯಲ್ಲ." ಧಾತ್ರಿ ಪಕ್ಕದಲ್ಲಿ ನಿಂತು ನಗುವಳು. ಜೂನ್ ಮೊದಲ ವಾರ ರಾಯರು ಒಂದು ಸೂಟ್‌ಕೇಸು, ಒಂದು ಕುಕ್ಕರು ಹಿಡಿದು ರೈಲು ಹತ್ತಿದರು. ದಾದರಿನ ಪ್ಲಾಟ್‌ಫಾರ್ಮಿನಲ್ಲಿ ಸರಸ್ವತಿ, "ಬಿಪಿ ಮಾತ್ರೆ ಮರೀಬೇಡಿ," ಎಂದರು.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಮಹಾದೇವಿಯ ಫೋನು. "ಅಕ್ಕಾರ, ಮತ್ತ ಜಿನಗಾಕ ಹತ್ತೇತ್ರಿ. ಸೊಸೈಟಿಯಾಂವ ನಮ್ಮ ಮಾತ ಕೇಳವಲ್ಲ."

ಸಾಧನಾ ಅಂಧೇರಿಯಿಂದ, ಸರಸ್ವತಿ ಚೆಂಬೂರಿನಿಂದ ಹೊರಟು ಕಾಂದಿವಲಿ ಮುಟ್ಟಿದರು. ಅಲ್ಲಿಯ ಸೆಕ್ರೆಟರಿ ಬಾಗಿಲು ಅರ್ಧ ತೆರೆದು, ಮಳೆ ನಿಂತ ಮೇಲೆ ನೋಡೋಣ ಎಂದ. ಸರಸ್ವತಿ ಕೊಡೆ ಮಡಿಸಿ, ಮರಾಠಿಯಲ್ಲಿ, ದನಿ ಏರಿಸದೆ, ತಾವೂ ಒಂದು ಸೊಸೈಟಿಯ ಸೆಕ್ರೆಟರಿ ಎಂದೂ, ಟೆರೇಸಿನ ದುರಸ್ತಿ ಯಾರ ಪಾಲಿನದೆಂದು ಇಬ್ಬರಿಗೂ ಗೊತ್ತಿದೆಯೆಂದೂ ಹೇಳಿದರು. ಅವನು ಅದಕ್ಕೂ ಮಣಿಯಲಿಲ್ಲ. ಕಮಿಟಿ ಸೇರಬೇಕು ಎಂದ. ಕೊನೆಗೆ ಅರ್ಧ ಖರ್ಚು ಸಾಧನಾ ಕೊಡುವುದೆಂದಾಗಿ, ಮಧ್ಯಾಹ್ನದೊಳಗೆ ಟೆರೇಸಿನ ಮೇಲೆ ನೀಲಿ ಟಾರ್ಪಾಲು ಹರಡಿತು. ನಿಜವಾದ ದುರಸ್ತಿ ದೀಪಾವಳಿಯ ಮೇಲೆಯೇ.

"ಈ ತಿಂಗಳ ಬಾಡಿಗೆ ಇದಕ್ಕೇ ಹೋಯ್ತು," ಎಂದಳು ಸಾಧನಾ, ಸ್ಟೇಷನ್ನಿನಲ್ಲಿ ಒದ್ದೆ ಸೀರೆಯ ಅಂಚು ಹಿಂಡುತ್ತಿದ್ದ ಅತ್ತೆಯ ಪಕ್ಕದಲ್ಲಿ ನಿಂತು. "ತುಷಾರ್‌ಗೆ ಹೇಳೋಕೆ ಮುಖ ಇಲ್ಲ."

"ಹೇಳು. ಆದ್ರೆ ಹೊಟ್ಟೆ ತುಂಬ ತಿಂದ ಮೇಲೆ ಹೇಳು."

ಇಬ್ಬರೂ ನಕ್ಕರು. ಲೋಕಲ್ ಬಂತು.

ನಾಣಿರಾಯರ ಫೋನು ದಿನವೂ ಬರುತ್ತಿತ್ತು. ಬಾಡಿಗೆಗೆ ಹಿಡಿದದ್ದು ಮಹಡಿಯ ಮೇಲಿನ ಒಂದು ಕೋಣೆ, ಅಡುಗೆಮನೆ. ಕೆಳಗಿನ ಓನರಮ್ಮ ಗಟ್ಟಿಗಿತ್ತಿ, ಎಂಟು ಗಂಟೆಗೆ ಗೇಟು ಹಾಕುತ್ತಾಳಂತೆ. ಕೆರೆಯ ಏರಿಯಲ್ಲಿ ನಾಲ್ಕು ಜನ ಸ್ನೇಹಿತರಾಗಿದ್ದಾರಂತೆ. ರಾಧಿಕಾಳಿಗೆ ತಾವೇ ಒಂದು ದಿನ ಸಾರು ಮಾಡಿ ಕೊಂಡುಹೋಗಿ ಕೊಟ್ಟರಂತೆ. ಅವರು ಬೇಸರದಲ್ಲಿರಬಹುದೆಂದು ಸರಸ್ವತಿ ಕಿವಿಗೊಟ್ಟು ಕೇಳುವರು. ಬೇಸರ ಇರಲಿಲ್ಲ. ಅದರಿಂದ ಸರಸ್ವತಿಗೆ ಸಮಾಧಾನವೂ ಆಗುತ್ತಿತ್ತು, ಸ್ವಲ್ಪ ಸಿಟ್ಟೂ ಬರುತ್ತಿತ್ತು. ಬೆಳಿಗ್ಗೆ ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಬೆರೆಸಿ, ಎರಡನೆಯದನ್ನು ತುಷಾರನಿಗೆ ಕೊಡುವರು.

ಶ್ರಾವಣ ಬಂದಾಗ ರಾಯರು ಫೋನಿನಲ್ಲಿ ಸ್ವಲ್ಪ ತಡೆದು ಕೇಳಿದರು:

"ಸರಸು, ಹತ್ತು ದಿನ ಬಂದು ಹೋಗ್ತೀಯಾ? ನಿನಗೆ ಆಗತ್ತೆ ಅಂದ್ರೆ."

ಹಾಗೆ ಕೇಳಿಸಿಕೊಂಡದ್ದು ಅವರಿಗೆ ಹೊಸದು. "ನೋಡ್ತೀನಿ. ಸೊಸೈಟಿ ಮೀಟಿಂಗ್ ಆದ್ಮೇಲೆ ಬರ್ತೀನಿ," ಎಂದರು.

ಸಂಜೆ ಧಾತ್ರಿಯನ್ನು ಕೂರಿಸಿಕೊಂಡು ಅವಳ ತಾಯಿಯ ಫೋನಿನಲ್ಲಿ ರೈಲಿನ ಟಿಕೆಟ್ ಮಾಡಿಸಿದರು.

"ಅಜ್ಜಿ, ಜಾನೇ ಕಾ ಒಂದು. ರಿಟರ್ನ್ ಭೀ ಮಾಡ್ಲಾ?"

"ಮಾಡು. ಬರೋದಕ್ಕೆ ಎರಡು ಮಾಡು."

"ತಾತಾ ಭೀ ಬರ್ತಾರಾ? ಉನ್ಹೋನೇ ಹೇಳಿದ್ರಾ?"

"ಇಲ್ಲ. ಅಲ್ಲಿಗೆ ಹೋಗಿ ಕೇಳ್ತೀನಿ." ಸರಸ್ವತಿ ಕನ್ನಡಕ ಏರಿಸಿ ಪರದೆಯ ಕಡೆ ಬಾಗಿದರು. "ಅವರು ಬರಲ್ಲ ಅಂದ್ರೆ ಒಂದನ್ನ ಕ್ಯಾನ್ಸಲ್ ಮಾಡಬಹುದಲ್ವಾ?"

"ಹೋ ಸಕ್ತಾ ಹೈ ಅಜ್ಜಿ. ಥೋಡಾ ಪೈಸಾ ಕಟ್ ಆಗತ್ತೆ."

"ಆಗಲಿ," ಎಂದರು ಸರಸ್ವತಿ. "ಎರಡೂ ಕಿಟಕಿ ಪಕ್ಕದ್ದು ಸಿಗತ್ತಾ ನೋಡು."